ಸ್ಪರಿಯರನ ಮೂವತ್ತಾರು ಖಾನೆ

“ನನಗಿಂತ ಮೊದಲು ನೀವು ಕಣ್ಣು ಮುಚ್ಚಿದರೆ, ನಿಮ್ಮ ಕಪಾಟನ್ನು ಒಡೆದು ಹಂಚಲು ನಾನು ಬಿಡುವುದಿಲ್ಲ. ಖಾನೆಗಳು ಎಷ್ಟೇ ಆಗಲಿ, ಎಲ್ಲವೂ ಒಂದೇ ಸೂರಿನಡಿ, ಒಂದೇ ಕಪಾಟಿನಲ್ಲಿ ಇರುತ್ತವೆ. ಇದು ನನ್ನ ಮಾತು.”

ಪಾದ್ರಿ ಟೋಬಿಯಾಸ್ ಲಿಡಿಯಟ್ ಹೀಗೆಂದು ಬರೆದದ್ದು 1772ರಲ್ಲಿ, ಹೆರೆಫರ್ಡ್ ಸೀಮೆಯ ತನ್ನ ಹಳ್ಳಿಯ ಚರ್ಚುಮನೆಯಲ್ಲಿ ಕೂತು. ಬರೆದದ್ದು ಬರ್ಮಿಂಗ್‌ಹ್ಯಾಮಿನ ಈನಕ್ ಸ್ಪರಿಯರನಿಗೆ. ಈನಕ್ ಬೂಟಿನ ಬಕಲ್ ಮಾಡಿಸುವ ಕಾರ್ಖಾನೆಯ ಯಜಮಾನ. ಕೆಲಸ ಮುಗಿದ ಮೇಲೆ ದುಂಬಿ, ಚಿಟ್ಟೆ, ಶಂಖ, ಹಾವು, ಕಪ್ಪೆ ಎಂದು ದೇವರು ಮಾಡಿದ ಸಣ್ಣಪುಟ್ಟದ್ದೆಲ್ಲ ಅವನಿಗೆ ಬೇಕು. ಪಾದ್ರಿಗೂ ಅದೇ ಹುಚ್ಚು.

ಆ ಮಾತಿಗೆ ಕಾರಣವಿತ್ತು. ಲಿಚ್‌ಫೀಲ್ಡಿನಲ್ಲಿ ಒಬ್ಬ ಮುದಿ ವೈದ್ಯ ತೀರಿಕೊಂಡು, ನಲವತ್ತು ವರ್ಷ ಕೂಡಿಸಿದ ಅವನ ಶಂಖಗಳು ಹರಾಜಿಗೆ ಬಂದಿದ್ದವು. ಬೆಳಿಗ್ಗೆ ಶುರುವಾದದ್ದು ಊಟದ ಹೊತ್ತಿಗೆಲ್ಲ ಮುಗಿದು, ನಲವತ್ತು ವರ್ಷ ನಲವತ್ತು ಜನರ ಕೈಪೆಟ್ಟಿಗೆ ಸೇರಿ ಚದುರಿಹೋಯಿತು. ಈನಕ್ ಅಲ್ಲಿದ್ದ. “ಕಟುಕನ ಹಲಗೆಯ ಮೇಲೆ ಗೆಳೆಯನನ್ನೇ ಮಲಗಿಸಿ, ತೊಡೆ ಒಬ್ಬರಿಗೆ, ತೋಳು ಒಬ್ಬರಿಗೆ ಎಂದು ಕತ್ತರಿಸಿ ಕೊಟ್ಟ ಹಾಗಿತ್ತು. ನನ್ನ ಗತಿಯೂ ಇಷ್ಟೇ ಅಲ್ಲವೇ ಅನ್ನಿಸಿ ಅನ್ನ ಇಳಿಯಲಿಲ್ಲ” ಎಂದು ಬರೆದಿದ್ದ. ಅದಕ್ಕೆ ಪಾದ್ರಿ ಕೊಟ್ಟ ಉತ್ತರ ಅದು. ಆಗ ಈನಕನ ಕಪಾಟಿನಲ್ಲಿದ್ದದ್ದು ಹನ್ನೆರಡೇ ಖಾನೆ.

ಇಬ್ಬರೂ ಮುಖ ನೋಡಿದವರಲ್ಲ. ಕಾಗದವೇ ಸ್ನೇಹ. ಲಿಡಿಯಟ್ ದೊರೆಯ ಚರ್ಚಿನ ಪಾದ್ರಿ. ಈನಕ್ ಆ ಚರ್ಚಿನ ಹೊಸಿಲು ತುಳಿಯದೆ, ಬೇರೆ ಸಭಾಮನೆ ಕಟ್ಟಿಕೊಂಡು ಪ್ರಾರ್ಥಿಸುವ ಪಂಗಡದವನು. ಬೇರೆ ಯಾರಾದರೂ ಆಗಿದ್ದರೆ ಎದುರಿಗೆ ಬಂದಾಗ ರಸ್ತೆಯ ಆ ಬದಿಗೆ ಹೋಗಬೇಕಾದವರು. ಹಾಗಾಗಿ ಮೊದಲ ವರ್ಷವೇ ಒಂದು ಕಟ್ಟಳೆ ಮಾಡಿಕೊಂಡರು: ಕಾಗದದಲ್ಲಿ ದೇವರ ವಿಷಯ ಬೇಡ, ದೊರೆಯ ವಿಷಯ ಬೇಡ, ಹುಳದ ವಿಷಯ ಮಾತ್ರ. “ನೀವು ಕಳಿಸಿದ ಕೊಂಬಿನ ದುಂಬಿ ತಲುಪಿತು. ಹಿಂದಿನ ಎಡಗಾಲು ತಾನೇ ಬೇರೆಯಾಗಿ ಪೆಟ್ಟಿಗೆಯ ಮೂಲೆಯಲ್ಲಿ ಕುಳಿತು ಬಂದಿತ್ತು. ಗೋಂದು ಹಚ್ಚಿ ಇಬ್ಬರಿಗೂ ರಾಜಿ ಮಾಡಿಸಿದ್ದೇನೆ” ಎಂದು ಪಾದ್ರಿ ಬರೆಯುವನು. “ಗಂಡಹೆಂಡಿರನ್ನು ಕೂಡಿಸುವುದು ನಿಮ್ಮ ಕಸುಬೇ ತಾನೆ” ಎಂದು ಈನಕ್ ಬರೆಯುವನು.

ಒಮ್ಮೆ ಈನಕ್ ತನ್ನ ಗೋಳು ತೋಡಿಕೊಂಡ. ಬ್ರಾಂದಿಯಲ್ಲಿ ಇಳಿಸಿಟ್ಟ ಹಾವು ಕಪ್ಪೆಗಳಿಗೆ ಬೂಷ್ಟು ಹತ್ತುತ್ತಿದೆ, ಏನು ಮಾಡಲಿ? ಪಾದ್ರಿ ಮದ್ದು ಬರೆದು ಕಳಿಸಿದ: ಪ್ರತಿ ಸೀಸೆಗೆ ಒಂದು ಚಮಚ ರಸಕರ್ಪೂರ ಅರೆದು ಬೆರೆಸಿ, ಬೂಷ್ಟಿನ ವಂಶ ನಾಶ. ಈನಕನಿಗೆ ಅಂಜಿಕೆ. ಅದು ಕಡು ವಿಷ, ಮನೆಯಾಳು ಯಾರಾದರೂ ಕುಡಿದರೆ? ಪಾದ್ರಿ ನಗುತ್ತಲೇ ಉತ್ತರ ಬರೆದ: “ಹಾವು ಈಜುತ್ತಿರುವ ಸೀಸೆಗೆ ಬಾಯಿಡುವವನು ಇಂಗ್ಲೆಂಡಿನಲ್ಲಿ ಇನ್ನೂ ಹುಟ್ಟಿಲ್ಲ. ಧೈರ್ಯ ಸಾಲದಿದ್ದರೆ ಚೀಟಿ ಅಂಟಿಸಿ.” ಈನಕ್ ಅಂಟಿಸಿದ. ಕಲಿತವರ ಪದ್ಧತಿಯಂತೆ ಹಾವಿನ ಹೆಸರನ್ನೂ ಲ್ಯಾಟಿನ್ನಿನಲ್ಲಿ ಬರೆದ, ವಿಷ ಎಂಬುದನ್ನೂ ಲ್ಯಾಟಿನ್ನಿನಲ್ಲೇ ಬರೆದ.

ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. 1791ರ ಜುಲೈನಲ್ಲಿ ಪಾದ್ರಿ ಗಟ್ಟಿ ಮನಸ್ಸು ಮಾಡಿ, ಕುದುರೆಗಾಡಿಯಲ್ಲಿ ಎರಡು ದಿನ ಸೊಂಟ ಕುಲುಕಿಸಿಕೊಂಡು, ಬರ್ಮಿಂಗ್‌ಹ್ಯಾಮಿನಾಚೆ ಎರಡು ಮೈಲಿ ದೂರದ ಈನಕನ ಇಟ್ಟಿಗೆ ಮನೆಯ ಮುಂದೆ ಬುಧವಾರ ಬಂದಿಳಿದ.

ಬಾಗಿಲಿಗೆ ಬಂದ ಈನಕ್ ಗಿಡ್ಡ, ಒಣಕಲು. ಕೈಯೆರಡೂ ಬೆಂಕಿ ಹಾರಿ ಕಲೆಗಟ್ಟಿದ್ದವು. ಆದರೆ ಗಂಟಲು ಮಾತ್ರ ಚರ್ಚಿನ ಗಂಟೆ.

“ಪಾದ್ರಿಗಳೇ! ನಿಮ್ಮ ಅಕ್ಷರ ನೋಡಿ ಕಡ್ಡಿ ಹಾಗಿರ್ತೀರ ಅನ್ಕೊಂಡಿದ್ದೆ. ಇದೇನ್ರೀ, ಪೀಪಾಯಿ ಬಂದಿಳೀತಲ್ಲ!”

“ನಿಮ್ಮ ಅಕ್ಷರ ನೋಡಿ ನೀವು ಮೆತ್ತಗೆ ಮಾತಾಡೋರು ಅನ್ಕೊಂಡಿದ್ದೆ ನಾನು.”

“ಏನಂದ್ರಿ?”

“ಕಿವಿ ಹತ್ರ ಬಾಯಿಟ್ಟು ಕೂಗಿ ಅಯ್ಯ” ಎಂದಳು ಮನೆ ನೋಡಿಕೊಳ್ಳುವ ಹ್ಯಾನಾ. ಈನಕನ ಹೆಂಡತಿ ಹೋದ ಮೇಲೆ ಆ ಮನೆಗೆ ಉಳಿದಿದ್ದ ಹೆಣ್ಣುದಿಕ್ಕು ಅವಳೊಬ್ಬಳೇ. “ಮೂವತ್ತು ವರ್ಷ ಕಾರ್ಖಾನೆ ಸುತ್ತಿಗೆ ಕೇಳಿ ಕೇಳಿ ಯಜಮಾನ್ರ ಕಿವಿ ತಮಟೆ ಹರಿದಿದೆ.”

ಆ ದಿನವೂ ಮರುದಿನವೂ ಇಬ್ಬರೂ ಮಹಡಿಯ ಕೋಣೆ ಬಿಟ್ಟು ಕೆಳಗಿಳಿಯಲಿಲ್ಲ. ಮಹಾಗನಿ ಕಪಾಟು ಗೋಡೆಯಗಲ ನಿಂತಿತ್ತು. ಖಾನೆ ಈಗ ಮೂವತ್ತಾರು. ಒಂದೊಂದು ಎಳೆದಾಗಲೂ ಕರ್ಪೂರದ ವಾಸನೆಯ ಜೊತೆ ಒಂದು ಲೋಕ ಹೊರಗೆ ಬರುತ್ತಿತ್ತು. ಬೆಂಡಿನ ಮೇಲೆ ಸಾಲುಸಾಲಾಗಿ ಸೂಜಿ ಹೊಡೆಸಿಕೊಂಡು ಮಲಗಿದ ದುಂಬಿಗಳು, ರೆಕ್ಕೆ ಬಿಚ್ಚಿದ ಚಿಟ್ಟೆಗಳು, ಹತ್ತಿಯ ಮೇಲೆ ಕೂತ ಶಂಖಗಳು. ಪಾದ್ರಿ ತಾನು ಕಳಿಸಿದ್ದನ್ನೆಲ್ಲ ಗುರುತು ಹಿಡಿದ. ಗೋಂದು ಹಚ್ಚಿಸಿಕೊಂಡ ದುಂಬಿಯ ಜೊತೆಯದು ಏಳನೆಯ ಖಾನೆಯಲ್ಲಿತ್ತು. ತನ್ನ ಹಳ್ಳಿಯಲ್ಲಿ ಮದುವೆ, ನಾಮಕರಣ, ಹೆಣ ಹೂಳುವುದು ಇಷ್ಟರಲ್ಲೇ ಸವೆದುಹೋದ ತನ್ನ ಆಯಸ್ಸಿನ ಒಳ್ಳೆಯ ಭಾಗವೆಲ್ಲ ಇಲ್ಲಿ, ಇನ್ನೊಬ್ಬನ ಮನೆಯಲ್ಲಿ, ಸೂಜಿ ಹೊಡೆಸಿಕೊಂಡು ಭದ್ರವಾಗಿದೆ ಎಂದು ಅವನಿಗೆ ತೋರಿತು. ಪಕ್ಕದ ಒಳಕೋಣೆಯಲ್ಲಿ ಹಲಗೆಯ ಮೇಲೆ ಹಾವುಗಳ ಸೀಸೆಗಳಿದ್ದವು. ಅವನ್ನೂ ನೋಡಿ ಬಂದರು.

ಗುರುವಾರ ಊರಿನ ಹೋಟೆಲಿನಲ್ಲಿ ಒಂದು ಔತಣವಿತ್ತು. ಫ್ರಾನ್ಸಿನ ಜನ ತಮ್ಮ ದೊರೆಯ ಸೆರೆಕೋಟೆ ಕೆಡವಿ ಎರಡು ವರ್ಷವಾಯಿತೆಂದು ಸಭಾಮನೆಯ ಕೆಲವರು ಸೇರಿ ಇಟ್ಟುಕೊಂಡದ್ದು. ಈನಕನಿಗೂ ಕರೆಯಿತ್ತು. ಅತಿಥಿಯನ್ನು ಬಿಟ್ಟು, ಚಿಟ್ಟೆಗಳನ್ನು ಬಿಟ್ಟು ಅವನು ಹೋಗಲಿಲ್ಲ. ಹೋಗದಿದ್ದರೂ ಅವನ ಹೆಸರು ಯಾರದೋ ಬಾಯಲ್ಲಿತ್ತು. ಅಂದು ಸಂಜೆ ಜನ, ಇವರೆಲ್ಲ ದೊರೆದ್ರೋಹಿಗಳೆಂದು ರೇಗಿ, ಆ ಹೋಟೆಲಿನ ಕಿಟಕಿ ಒಡೆದರು. ಆಮೇಲೆ ಎರಡು ಸಭಾಮನೆಗೆ ಬೆಂಕಿ ಇಟ್ಟರು. ಶುಕ್ರವಾರ ಬೆಳಗಾಗುವಾಗ ಊರಿನ ಕಡೆ ಮೂರು ಕಂಬ ಹೊಗೆ ಎದ್ದಿತ್ತು.

ಗಾಡಿ ಕೇಳಲು ಹೋಗಿದ್ದ ಹ್ಯಾನಾ ಮಧ್ಯಾಹ್ನ ಬರಿಗೈಯಲ್ಲಿ ಓಡುತ್ತಲೇ ಬಂದಳು.

“ಒಬ್ರೂ ಗಾಡಿ ಕೊಡಲ್ಲ ಯಜಮಾನ್ರೇ. ಕೊಟ್ರೆ ಅವ್ರ ಮನೆಗೂ ಕೊಳ್ಳಿ. ಆಚೆ ತೋಟದ ಮನೆ ಉರೀತಿದೆ, ಕಣ್ಣಾರೆ ನೋಡ್ದೆ. ಆ ಮನೇ ನಾಯೀನ ಕಂಬಿಗೆ ಚುಚ್ಚಿ ಬಾವುಟದ ಹಾಗೆ ಎತ್ಕೊಂಡ್ ಬರ್ತಿದಾರೆ. ಬಾಗಿಲ ಮೇಲೆ ಸುಣ್ಣದಲ್ಲಿ ‘ಚರ್ಚು, ದೊರೆ’ ಅಂತ ಬರ್ದಿದ್ರೆ ಮಾತ್ರ ಮುಂದಕ್ಕೆ ಹೋಗ್ತಾರಂತೆ.”

ಪಾದ್ರಿ ತಡಮಾಡಲಿಲ್ಲ. ಸುಣ್ಣದ ಕಡ್ಡಿ ತಗೊಂಡು ಹೋಗಿ ಬಾಗಿಲ ಮೇಲೆ ಮೊಳದುದ್ದ ಅಕ್ಷರದಲ್ಲಿ ಬರೆದ. ಕೈ ಒರೆಸಿಕೊಳ್ಳುವಷ್ಟರಲ್ಲಿ ಈನಕ್ ಹೊರಗೆ ಬಂದು, ಓದಿ, ತನ್ನ ಅಂಗಿಯ ತೋಳಿನಿಂದ ಅಳಿಸತೊಡಗಿದ.

“ಏನ್ ಮಾಡ್ತಿದೀರಿ? ಬರೀ ಸುಣ್ಣದ ಗೀಟು ಕಣ್ರೀ ಅದು! ನಾಳೆ ಮಳೆ ಬಂದ್ರೆ ಹೋಗುತ್ತೆ” ಎಂದು ಪಾದ್ರಿ ಅವನ ಕಿವಿಗೆ ಕೂಗಿದ.

“ಗೀಟು ಹೋಗುತ್ತೆ. ನಾನು ಬರೆಸಿಕೊಂಡಿದ್ದೆ ಅನ್ನೋದು ಹೋಗಲ್ಲ. ನನ್ನ ಬಾಗಿಲು ಸುಳ್ಳು ಹೇಳೋದು ಬೇಡ ಪಾದ್ರಿಗಳೇ.”

“ಕಪಾಟು? ಆ ಕಪಾಟಿನ ಗತಿ ಏನು?”

ಈನಕ್ ತಲೆಯೆತ್ತಿ ಮಹಡಿಯ ಕಿಟಕಿ ನೋಡಿದ. ಮತ್ತೆ ಅಳಿಸಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಪಾದ್ರಿಗೆ ಈ ಗೆಳೆಯನ ಮೇಲೆ ರೇಗಿತು. ತನ್ನ ಪಾಲಿಗೆ ಇವನು ಹಟ ಹಿಡಿಯಲಿ; ಆ ದುಂಬಿಗಳ ಪಾಲಿಗೂ ಹಟ ಹಿಡಿಯಲು ಇವನು ಯಾರು?

ಮೂರು ಗಂಟೆಗೆ ಅವರು ಬಂದರು. ನಲವತ್ತು ಜನರಿದ್ದಾರು. ಮೊದಲು ಕೇಳಿದ್ದು ಕಬ್ಬಿಣದ ಬೇಲಿ ಕೀಳುವ ಸದ್ದು. ಕಿತ್ತ ಕಂಬಿ ಒಬ್ಬೊಬ್ಬರ ಕೈಗೂ ಒಂದೊಂದು ಆಯಿತು. “ಚರ್ಚಿಗೆ ಜಯ! ದೊರೆಗೆ ಜಯ! ಪಂಡಿತರ ತಲೆ ಒಡೀರಿ!” ಎಂದು ಕೂಗುತ್ತ ಬಾಗಿಲಿಗೆ ತೋಟದ ಬೆಂಚನ್ನೇ ಗುಮ್ಮಿದರು. ಮೂರನೇ ಗುದ್ದಿಗೆ ಬಾಗಿಲು ಒಳಗೆ ಬಿತ್ತು. ಮುಂದಿದ್ದವನು ಜೆಮ್ ಟ್ರಾಂಟರ್. ಈನಕನ ಕಾರ್ಖಾನೆಯಲ್ಲೇ ಹದಿನಾಲ್ಕು ವರ್ಷ ಸುತ್ತಿಗೆ ಬಡಿದವನು. ಬೂಟಿಗೆ ಬಕಲ್ ಬಿಟ್ಟು ದಾರ ಕಟ್ಟುವ ಶೋಕಿ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಮೂವತ್ತು ಜನರಲ್ಲಿ ಒಬ್ಬ.

“ಯಜಮಾನ್ರೇ, ಗುರ್ತು ಸಿಕ್ತಾ? ನಮ್ಮನೆ ಒಲೆ ಉರಿದು ಐದು ತಿಂಗಳಾಯ್ತು. ಅದ್ಕೇ ನಿಮ್ಮನೇಲಿ ಉರ್ಸೋಣ ಅಂತ ಬಂದೆ.”

“ಜೆಮ್, ನೀನು ಒಳ್ಳೆ ಕೆಲಸಗಾರ—” ಎಂದ ಈನಕ್.

“ಆಗ ಕೆಲಸ ಬೇಡಿದ್ರೆ ಕಿವಿ ಕೇಳ್ತಿರ್ಲಿಲ್ಲ, ಈಗ ಬಾಯಿ ಬಂತು ನೋಡ್ರೋ!” ಎಂದು ಜೆಮ್ ಮುಷ್ಟಿ ಬಿಗಿದು ಅವನ ಬಾಯಿಗೇ ಗುದ್ದಿದ. ಈನಕ್ ಗೋಡೆಗೆ ಬಡಿದು ಕೂತ. ಇಬ್ಬರು ಅವನ ರಟ್ಟೆ ಹಿಡಿದು ನಡುಮನೆಯಲ್ಲೇ ಒತ್ತಿಟ್ಟುಕೊಂಡರು. ಅಡ್ಡ ಬಂದ ಹ್ಯಾನಾಳನ್ನು ಒಬ್ಬ ಜಡೆ ಹಿಡಿದು ಎಳೆದು ಅಡುಗೆಮನೆಗೆ ನೂಕಿದ.

ಪಾದ್ರಿ ಆಗಲೇ ಮಹಡಿ ಏರಿದ್ದ. ಕಪಾಟಿಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ ನಿಂತಿದ್ದ. ಕೆಳಗೆ ಗಡಿಯಾರ ಒಡೆಯಿತು, ಪಿಂಗಾಣಿ ಒಡೆಯಿತು, ಕುರ್ಚಿಗಳು ಕಿಟಕಿಯ ಗಾಜು ಸಮೇತ ಅಂಗಳಕ್ಕೆ ಬಿದ್ದವು. ಒಬ್ಬೊಬ್ಬರ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದಾಗಲೂ ಅವನ ಬೆನ್ನು ಕಪಾಟಿನ ಹಿಡಿಗಳಿಗೆ ಇನ್ನಷ್ಟು ಒತ್ತಿಕೊಂಡಿತು. ಕೊನೆಗೆ ಜೆಮ್ ಏಳೆಂಟು ಜನರೊಂದಿಗೆ ಒಳಗೆ ಬಂದ.

“ಏಯ್, ಕರಿಕೋಟು! ನಮ್ಮ ಚರ್ಚಿನ ಪಾದ್ರಿ ಕಣ್ರೋ! ಇಲ್ಲೇನ್ ಮಾಡ್ತಿದೀರಿ ಅಯ್ಯಾ, ಈ ಪಾಪಿಗಳ ಗೂಡಲ್ಲಿ?”

“ನಾನು ಅತಿಥಿ. ಇದನ್ನ ಮುಟ್ಟಬೇಡ್ರಪ್ಪಾ. ಇದ್ರಲ್ಲಿರೋದು ದೇವರ ಸೃಷ್ಟಿ.”

ಒಬ್ಬ ಖಾನೆ ಎಳೆದು ಇಣುಕಿದ. “ದೇವರ ಸೃಷ್ಟಿಗೆ ಮೊಳೆ ಹೊಡ್ದಿದಾನೆ ಮುದುಕ! ಯೇಸುಗೆ ಹೊಡ್ದಂಗೆ!”

ಎಲ್ಲರೂ ನಕ್ಕರು. ಜೆಮ್ ಕಂಬಿ ಬೀಸಿದ. ಏಟು ಪಾದ್ರಿಯ ಕಿವಿಯ ಪಕ್ಕದಲ್ಲೇ ಹಾದು ಕಪಾಟಿನ ಮೇಲಂಚಿಗೆ ಬಿತ್ತು. ಮಹಾಗನಿಯ ಚಕ್ಕೆ ಹಾರಿ ಪಾದ್ರಿಯ ಕೆನ್ನೆ ಸೀಳಿತು. ಅವನಿಗೆ ನೋವು ಕಾಣಲಿಲ್ಲ. ಒಳಗೆ ಸೂಜಿಗಳು ಜುಮ್ಮೆಂದದ್ದು ಕೇಳಿತು.

“ಪಕ್ಕಕ್ಕೆ ನಿಂತ್ಕೊಳ್ಳಿ ಅಯ್ಯಾ. ಕೋಟಿಗೆ ಮರ್ಯಾದೆ ಕೊಡ್ತಿದೀನಿ, ಕಪಾಟಿಗಲ್ಲ. ಮನೆಯೆಲ್ಲಾ ಜಾಲಾಡಿದ್ವಿ, ನಾಲಿಗೆ ನೆನೆಸೋಕೆ ಸಪ್ಪೆ ಬಿಯರ್ ಬಿಟ್ರೆ ಒಂದು ತೊಟ್ಟು ಇಲ್ಲ. ಇದಕ್ಕಾದ್ರೂ ಬೆಂಕಿ ಇಟ್ಟು ಮೈ ಕಾಯಿಸ್ಕೋತೀವಿ.” ಮತ್ತೆ ಕಂಬಿ ಎತ್ತಿದ.

ಆಗ ಪಾದ್ರಿ ಲಿಡಿಯಟನ ಬಾಯಿಂದ ಮಾತು ಬಂತು. “ಕುಡಿಯೋದಕ್ಕೆ ಬೇಕೇನ್ರಪ್ಪಾ? ಆ ಒಳಕೋಣೇಲಿ ಬ್ರಾಂದಿ ಇದೆ.”

ಗಾಬರಿಯಲ್ಲಿ ಮರೆತಿದ್ದೆ ಎಂದು ಆಮೇಲೆ ಯಾರಿಗಾದರೂ ಹೇಳಬಹುದಿತ್ತು. ಮರೆತಿರಲಿಲ್ಲ. ಹೇಳುವಾಗಲೇ ಅವನ ಕಣ್ಣಮುಂದೆ ತನ್ನ ಅಕ್ಷರ ಬಂದಿತ್ತು: ಪ್ರತಿ ಸೀಸೆಗೆ ಒಂದು ಚಮಚ.

ಕಂಬಿ ಕೆಳಗಿಳಿಯಿತು. ಎಲ್ಲರೂ ಒಳಕೋಣೆಗೆ ನುಗ್ಗಿದರು. ಮೇಣದ ಬಿರಡೆ ಕಿತ್ತು ಒಬ್ಬ ಮೂಸಿ ನೋಡಿದ.

“ಬ್ರಾಂದೀನೇ ಕಣ್ರೋ! ಅಯ್ಯೋ ಇವ್ನ, ಇದ್ರೊಳಗೆ ಹಾವಿದೆ!”

“ಸತ್ತಿದೆ ಬಿಡೋ. ನಿನ್ನ ಹೆಂಡ್ತಿ ಥರ ಕಚ್ಚೋದಿಲ್ಲ.”

“ಮೇಲೆ ಏನೋ ಬರ್ದಿದೆ?”

“ಓದೋಕೆ ಬರೋ ಹಾಗಿದ್ರೆ ನಾನ್ಯಾಕೋ ಮೊಳೆ ಬಡೀತಿದ್ದೆ? ಬಗ್ಗಿಸು ಇತ್ಲಾಗೆ!”

ಬೆಳಗಿನಿಂದ ಕುಡಿದು ಕುಡಿದು ನಾಲಿಗೆ ಸತ್ತವರು. ಒಬ್ಬ ಗಟಗಟ ಇಳಿಸಿ, “ತಾಮ್ರದ ಪಾತ್ರೆ ನೆಕ್ಕಿದ ಹಾಗಿದೆ, ಆದ್ರೆ ಸುಡುತ್ತೆ ಚೆನ್ನಾಗಿ” ಎಂದು ಬಾಯಿ ಒರೆಸಿದ. ಇನ್ನೊಬ್ಬ ಕೆಳಗಿನವರಿಗೆಂದು ಸೀಸೆ ಹಿಡಿದು ಮೆಟ್ಟಿಲಿಳಿದ.

ಕೆಳಗೆ ಬಾಯಲ್ಲಿ ರಕ್ತ ತುಂಬಿಕೊಂಡು ಕೂತಿದ್ದ ಈನಕ್ ಆ ಸೀಸೆ ನೋಡಿದ. ಒಣಕಲು ದೇಹಕ್ಕೆ ಎಲ್ಲಿಂದ ಬಲ ಬಂತೋ, ಹಿಡಿದಿದ್ದ ಇಬ್ಬರನ್ನೂ ಕೊಡವಿ ಎದ್ದ. ಸೀಸೆಯವನನ್ನು ಮೆಟ್ಟಿಲ ಮೇಲೇ ತಳ್ಳಿ ಕೆಡವಿ, ಮೇಲೆ ಓಡಿಬಂದ.

“ಕುಡೀಬೇಡ್ರೋ! ವಿಷ! ರಸಕರ್ಪೂರ ಇದೆ ಅದ್ರಲ್ಲಿ! ಉಗುಳ್ರೋ, ಉಗುಳಿ!”

ಕಪಾಟಿನ ಕೋಣೆಗೆ ಮರಳಿದ್ದ ಜೆಮ್ ಬಾಯಿಯ ಹತ್ತಿರ ಒಯ್ದಿದ್ದ ಸೀಸೆ ಅಲ್ಲೇ ನಿಂತಿತು. ಅವನು ಈನಕನನ್ನು ಅಡಿಯಿಂದ ಮುಡಿವರೆಗೆ ನೋಡಿದ.

“ಕೆಳಗಡೆ ಎಲ್ಲಾ ಒಡೆದಾಗ ತುಟಿಪಿಟಿಕ್ ಅನ್ಲಿಲ್ಲ. ಬ್ರಾಂದಿ ಮುಟ್ಟಿದ ಕೂಡ್ಲೆ ವಿಷ ಆಗೋಯ್ತಾ? ಬುದ್ಧಿವಂತ ಕಣಯ್ಯಾ ನೀನು.” ಆಮೇಲೆ ಪಾದ್ರಿಯ ಕಡೆ ತಿರುಗಿದ. ಕುಡುಕನಾದರೂ ಆ ಕ್ಷಣ ಅವನ ದನಿಯಲ್ಲಿ ಭಾನುವಾರ ಚರ್ಚಿನಲ್ಲಿ ತೋರುವ ವಿನಯ ಇತ್ತು. “ಅಯ್ಯಾ, ಬೈಬಲ್ ಮುಟ್ಟೋ ಕೈ ನಿಮ್ದು. ನಮ್ಮ ಚರ್ಚಿನೋರು ನೀವು. ನೀವ್ ಹೇಳಿದ್ದೇ ಕೊನೆ. ಬ್ರಾಂದಿನೋ, ವಿಷನೋ?”

ಈನಕ್ ಪಾದ್ರಿಯನ್ನೇ ನೋಡುತ್ತಿದ್ದ. ಕಿವಿ ಕೇಳದವನು ತುಟಿ ನೋಡುವ ಹಾಗೆ ಕತ್ತು ಮುಂದೆ ಚಾಚಿದ್ದ.

ವಿಷ ಎಂದರೆ ಜೆಮ್ ಸೀಸೆ ಕೆಳಗಿಡುತ್ತಾನೆ. ಸೀಸೆ ಇಟ್ಟ ಕೈ ಕಂಬಿ ಎತ್ತುತ್ತದೆ. ಕಂಬಿ ಕಪಾಟಿಗೆ ಒರಗಿ ನಿಂತಿತ್ತು, ಏಳನೆಯ ಖಾನೆಯ ಮಗ್ಗುಲಿಗೆ. ಪಾದ್ರಿ ಯೋಚಿಸಿದ್ದು ಇಷ್ಟೇ.

“ಬ್ರಾಂದಿ” ಎಂದ.

“ಲಿಡಿಯಟ್!” ಎಂದು ಈನಕ್ ಕೂಗಿದ. ಪಾದ್ರಿಗಳೇ ಎನ್ನದೆ ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಜೆಮ್ ತಲೆಯೆತ್ತಿ ಸೀಸೆ ಬಗ್ಗಿಸಿಕೊಂಡ. ಎರಡು ಗುಟುಕು ಇಳಿದಿತ್ತು. ಈನಕ್ ಹಾರಿ ಸೀಸೆಗೆ ಹೊಡೆದ. ಅದು ನೆಲಕ್ಕೆ ಬಿದ್ದು ಚೂರಾಯಿತು. ಅಲ್ಲಿಗೆ ನಿಲ್ಲದೆ ಒಳಕೋಣೆಗೆ ನುಗ್ಗಿ, ಹಲಗೆಯ ಮೇಲಿದ್ದ ಸೀಸೆಗಳನ್ನು ತೋಳಿನಿಂದಲೇ ಬಳಿದು ಬಳಿದು ಕೆಡವಿದ. ಇಪ್ಪತ್ತು ವರ್ಷ ಕಾದಿಟ್ಟ ಹಾವುಗಳು ಗಾಜಿನ ಚೂರುಗಳ ನಡುವೆ ಬೆಳ್ಳಗೆ ಬಿದ್ದವು. ಅವನ ತೋಳು ಮೊಣಕೈವರೆಗೆ ಸೀಳಿ ರಕ್ತ ಸುರಿಯುತ್ತಿತ್ತು.

“ನಮ್ಮ ಬಾಯಿಂದ ಕಿತ್ಕೊಳ್ಳೋದು ಇವ್ನ ಹುಟ್ಟುಗುಣ!” ಎಂದು ಜೆಮ್ ಕಂಬಿ ತೆಗೆದುಕೊಂಡ.

ಮೊದಲನೇ ಏಟು ಹೆಗಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು. ಈನಕ್ ಒಂದೇ ಕೈಯಲ್ಲಿ ಇನ್ನೊಂದು ಸೀಸೆ ಹಿಡಿದು ಗೋಡೆಗೆ ಬಡಿದ. ಎರಡನೇ ಏಟು ಮೊಣಕಾಲಿಗೆ. ಬಿದ್ದವನ ಪಕ್ಕೆಗೆ ಮೂರು ನಾಲ್ಕು ಬೂಟುಗಳು ಒಟ್ಟಿಗೆ ಬಿದ್ದವು. ಕೆಲವಕ್ಕೆ ಅವನ ಕಾರ್ಖಾನೆಯದೇ ಬಕಲ್ ಇತ್ತು. ಒಬ್ಬ ಕೂದಲು ಹಿಡಿದು ಎಳೆದರೆ ಅವನ ಕೈಗೆ ಬಂದದ್ದು ಕಟ್ಟುಗೂದಲಿನ ಟೋಪು ಮಾತ್ರ. “ಮುದುಕನ ತಲೆ ಮೊಟ್ಟೆ ಕಣ್ರೋ!” ಎಂದು ಅದನ್ನು ತಾನೇ ಹಾಕಿಕೊಂಡು ಕುಣಿದ. ಕಾಲು ಹಿಡಿದು ದರದರ ಎಳೆದೊಯ್ದು ಮೆಟ್ಟಿಲ ತುದಿಯಿಂದ ತಳ್ಳಿದರು. ಹದಿನೇಳು ಮೆಟ್ಟಿಲು. ತಲೆ ಒಂದೊಂದಕ್ಕೂ ಬಡಿಯುತ್ತ ಹೋದದ್ದು ಮೇಲಿನವರಿಗೆ ಕೇಳಿತು.

ಅಡುಗೆಮನೆಯಿಂದ ತಪ್ಪಿಸಿಕೊಂಡ ಹ್ಯಾನಾ ಕಬ್ಬಿಣದ ಸೌಟು ಹಿಡಿದು ಮೆಟ್ಟಿಲೇರುತ್ತಿದ್ದಳು. ಟೋಪು ಹಾಕಿಕೊಂಡವನ ಮುಖಕ್ಕೆ ಬೀಸಿದಳು. ಅವನ ಮೂಗು ಚಪ್ಪಟೆಯಾಯಿತು. ಅವನು ಅವಳ ಹೊಟ್ಟೆಗೆ ಒದ್ದ. ಬೀಳುವ ಮುಂಚೆ ತೆರೆದ ಬಾಗಿಲಿನೊಳಗೆ ಅವಳಿಗೆ ಕಂಡದ್ದು ಪಾದ್ರಿ. ಅವನು ಕಪಾಟಿಗೆ ಬೆನ್ನು ಕೊಟ್ಟು, ತೋಳು ಚಾಚಿ, ಮೊದಲು ನಿಂತಿದ್ದ ಜಾಗದಲ್ಲೇ ನಿಂತಿದ್ದ.

ಕಾಲು ಗಂಟೆಯೂ ಕಳೆದಿರಲಿಲ್ಲ. ತಾಮ್ರದ ರುಚಿ ಎಂದವನು ಗಂಟಲು ಹಿಡಿದುಕೊಂಡ. “ಏನೋ ಸುಡ್ತಿದೆ ಕಣ್ರೋ” ಎಂದ. ಇನ್ನೊಂದು ಮಾತು ಆಡುವ ಮುಂಚೆ ಬಗ್ಗಿ ವಾಂತಿ ಮಾಡಿಕೊಂಡ. ಅದರಲ್ಲಿ ರಕ್ತವಿತ್ತು. ಅವನ ಹಿಂದೆ ಇನ್ನೊಬ್ಬ ಬಿದ್ದ, ಟೋಪಿನವನು ಮೆಟ್ಟಿಲ ಮೇಲೇ ಮಂಡಿಯೂರಿ ಉಗುರಿನಿಂದ ಎದೆ ಗೀರಿಕೊಂಡ. ಒಬ್ಬ ದಾಹ ದಾಹ ಎಂದು ಅರಚುತ್ತ ಕಿಟಕಿ ಎಂದೇ ತಿಳಿಯದೆ ಹೊರಗೆ ಕಾಲಿಟ್ಟ. ಅಂಗಳದ ಕಲ್ಲಿನ ಮೇಲೆ ಬಿದ್ದವನ ಬಾಯಿಂದ ನೊರೆ ಬರುವುದನ್ನು ಕೆಳಗಿದ್ದವರು ನೋಡಿದರು. “ಪಂಡಿತನ ಮಾಟ! ಓಡ್ರೋ!” ಎಂದು ಒಬ್ಬ ಕೂಗಿದ್ದೇ ಸಾಕಾಯಿತು. ಕಂಬಿ, ಕೊಳ್ಳಿ, ಕದ್ದ ಬೆಳ್ಳಿ ಎಲ್ಲ ಬಿಸಾಡಿ ಗೇಟಿನಿಂದ ಓಡಿದರು.

ಮುಂಭಾಗದ ಕೋಣೆಯ ಪರದೆಗೆ ಬೆಂಕಿ ಹತ್ತಿತ್ತು. ಹ್ಯಾನಾ ಹೊಟ್ಟೆ ಹಿಡಿದುಕೊಂಡೇ ನೀರು ಹೊತ್ತು ಆರಿಸಿದಳು. ಆಮೇಲೆ ಹಾಲಿನ ಕೊಡ ತಂದಳು. ಕುಡಿದ ಏಳು ಜನರೂ ಅಲ್ಲಲ್ಲೇ ಬಿದ್ದು ಹೊರಳುತ್ತಿದ್ದರು. ತನ್ನ ಯಜಮಾನನನ್ನು ಒದ್ದವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬೊಬ್ಬರಿಗೂ ಹಾಲು ಕುಡಿಸಿದಳು. “ಕುಡಿಯೋ, ಮೂದೇವಿ. ನುಂಗು. ನಿನ್ನ ಹೆತ್ತೋಳ ಹೊಟ್ಟೆ ಉರ್ಸಬೇಡ” ಎಂದು ಬೈಯುತ್ತ ಅಳುತ್ತಿದ್ದಳು. ಇಬ್ಬರು ಬದುಕಿದರು. ಜೆಮ್ ಟ್ರಾಂಟರ್ ನಾಲಿಗೆ ಊದಿ ಬಾಯಿ ತುಂಬಿ, ನುಂಗಲಾರದೆ ಹೋದ. ಕಣ್ಣು ಮಾತ್ರ ಮಹಡಿಯ ಬಾಗಿಲ ಕಡೆಗೇ ಇತ್ತು. ಸಂಜೆಯೊಳಗೆ ಸತ್ತ.

ಆ ಹೊತ್ತಿನಲ್ಲಿ ಪಾದ್ರಿ ಒಂದರಿಂದ ಮೂವತ್ತಾರರವರೆಗೆ ಖಾನೆ ಎಳೆದು ನೋಡುತ್ತಿದ್ದ. ಎರಡು ಚಿಟ್ಟೆಯ ರೆಕ್ಕೆ ಉದುರಿತ್ತು. ಒಂದು ಶಂಖ ಉರುಳಿತ್ತು. ಸರಿಮಾಡಿ ಇಟ್ಟ. ಆಮೇಲೆ ಕೆಳಗಿಳಿದ.

ಈನಕ್ ಕೊನೆಯ ಮೆಟ್ಟಿಲ ಕೆಳಗೆ ಅಂಗಾತ ಬಿದ್ದಿದ್ದ. ಹ್ಯಾನಾ ತಲೆಯಡಿಗೆ ದಿಂಬು ಕೊಟ್ಟಿದ್ದಳು. ಒಂದು ಕಣ್ಣು ತೆರೆದಿತ್ತು. ಪಾದ್ರಿ ಅವನ ಕಿವಿಗೆ ಬಾಯಿಟ್ಟು ಕೂಗಿದ, “ಒಂದು ಖಾನೆಯೂ ಹೋಗಿಲ್ಲ ಕಣ್ರೀ! ಎಲ್ಲಾ ಇದೆ! ಮೂವತ್ತಾರೂ!”

“ನೀವು ಕೊಟ್ರಿ ಅವರಿಗೆ” ಎಂದ ಈನಕ್. ಆ ದೊಡ್ಡ ಗಂಟಲು ಈಗ ಉಸಿರಾಗಿತ್ತು. “ನಾನು ವಿಷ ಅಂದೆ. ನೀವು ಬ್ರಾಂದಿ ಅಂದ್ರಿ.”

“ಅವ್ರು ಒಡೆದುಹಾಕ್ತಿದ್ರು. ನಿಮಗೆ ಮಾತು ಕೊಟ್ಟಿದ್ದೆ ನಾನು.”

“ಆ ಮಾತು ಹಿಂದಕ್ಕೆ ಕೊಟ್ಟೆ. ನನಗೆ ಬೇಡ. ಹ್ಯಾನಾ ಕೇಳಿಸ್ಕೋ. ಬೇಡ.” ಉಸಿರು ಎಳೆದುಕೊಂಡ. “ಹರಾಜು ಹಾಕಿ, ಸುಟ್ಟುಹಾಕಿ, ಬೀದಿಗೆ ಚೆಲ್ಲಿ. ನೀವು ಮಾತ್ರ ಇಟ್ಕೋಬೇಡಿ. ಅಷ್ಟು ಮಾಡಿ ಪಾದ್ರಿಗಳೇ.”

ಪಾದ್ರಿ ಕರವಸ್ತ್ರ ತೆಗೆದು ಅವನ ತುಟಿ ಒರೆಸಲು ಹೋದ. ಈನಕ್ ಮುಖ ಆ ಕಡೆ ತಿರುಗಿಸಿಕೊಂಡ. ಹಾಗೆ ತಿರುಗಿಸಿಕೊಂಡೇ ಶನಿವಾರ ಬೆಳಿಗ್ಗೆವರೆಗೆ ಇದ್ದು ತೀರಿಕೊಂಡ.

ಭಾನುವಾರ ಕುದುರೆ ಸೈನ್ಯ ಬಂದ ಮೇಲೆ ಊರು ತಣ್ಣಗಾಯಿತು. ವಾರ ಕಳೆದು ಸಾವಿನ ವಿಚಾರಣೆಗೆ ಅಧಿಕಾರಿಯೊಬ್ಬ ಬಂದು, ಮುರಿದ ಊಟದ ಮೇಜಿಗೆ ಇಟ್ಟಿಗೆ ಕೊಟ್ಟು ಕೂತು, ಪಾದ್ರಿಯನ್ನು ಕೇಳಿದ.

“ಸೀಸೆ ಇದ್ದ ಕೋಣೆ ಅವರಿಗೆ ಹೇಗೆ ಗೊತ್ತಾಯ್ತು ಅಯ್ಯಾ?”

“ಮನೆಯೆಲ್ಲಾ ಹುಡುಕ್ತಿದ್ರು” ಎಂದ ಪಾದ್ರಿ.

“ವಿಷ ಅಂತ ಅವರಿಗೆ ಯಾರೂ ಹೇಳಲಿಲ್ವೇ?”

“ಸ್ಪರಿಯರ್ ಹೇಳಿದ್ರು. ಅವರು ನಂಬಲಿಲ್ಲ.”

ಒಂದೊಂದು ಮಾತೂ ನಿಜವೇ ಆಗಿತ್ತು. ಬರೆದುಕೊಂಡ ಅಧಿಕಾರಿ ಪಾದ್ರಿಯ ಕೈ ಕುಲುಕಿದ. ಬಾಗಿಲಲ್ಲಿ ನಿಂತಿದ್ದ ಹ್ಯಾನಾಳನ್ನು ಅವನು ಏನೂ ಕೇಳಲಿಲ್ಲ. ಅವಳು ಕೇಳದೆಯೇ ಹೇಳಲು ಬಾಯಿ ತೆರೆದಳು. “ನಿನಗೂ ಕಷ್ಟ ಆಗಿದೆ ತಾಯಿ, ಹೋಗಿ ಮಲಕ್ಕೋ” ಎಂದು ಅವನು ಎದ್ದ.

ಆಗಸ್ಟಿನಲ್ಲಿ ಕಪಾಟನ್ನು ತನ್ನ ಹಳ್ಳಿಗೆ ಒಯ್ಯಲು ಪಾದ್ರಿ ಎರಡು ಗಾಡಿ ತರಿಸಿದ. ಖಾನೆಗಳ ಸಂದಿಗೆ ಪಾದ್ರಿ ತಾನೇ ಹತ್ತಿ ತುರುಕಿದ. ಕಪಾಟು ಮೆಟ್ಟಿಲಿಳಿಯುವಾಗ ಹ್ಯಾನಾ ಗೋಡೆಗೆ ಒರಗಿ ನಿಂತಿದ್ದಳು.

“ಬೇಡ ಅಂದಿದ್ರು ಯಜಮಾನ್ರು. ನನ್ನ ಕಿವಿಯಾರೆ ಕೇಳಿದೀನಿ.”

“ಸಾಯೋ ಸಂಕಟದಲ್ಲಿ ಆಡಿದ ಮಾತು ಅದು, ಹ್ಯಾನಾ. ಜೀವ ಗಟ್ಟಿಯಿದ್ದಾಗ ಕೇಳಿದ್ದು ಬೇರೆ.”

“ಜೀವ ಗಟ್ಟಿಯಿದ್ದಾಗ ಅವರು ನಿಮ್ಮ ಮುಖ ನೋಡಿರ್ಲಿಲ್ಲ ಅಯ್ಯಾ” ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲಿಡಿಯಟ್ ಇನ್ನೂ ಹದಿನೆಂಟು ವರ್ಷ ಬದುಕಿದ. ಯಾರಿಗೂ ಹುಳದ ವಿಷಯ ಕಾಗದ ಬರೆಯಲಿಲ್ಲ. ಕಪಾಟು ಅವನ ಮನೆಯಲ್ಲಿ, ಒಂದೇ ಗೋಡೆಗೆ, ಮೂವತ್ತಾರು ಖಾನೆಯೊಂದಿಗೆ ನಿಂತಿತ್ತು. ಒಂದೂ ಮಾರಾಟವಾಗಲಿಲ್ಲ, ಒಂದೂ ಬೇರೆಯಾಗಲಿಲ್ಲ. ಪಾದ್ರಿ ಕೊಟ್ಟ ಮಾತು ಉಳಿಸಿಕೊಂಡ.